ಐದು ಪೆಟ್ಟಿಗೆ, ಒಂದು ಥರ್ಮೋಸ್ಟ್ಯಾಟ್

ಡಿಸೆಂಬರ್ 4, ಗುರುವಾರ. ಬೆಳಿಗ್ಗೆ 6.15

ಒಂದನೇ ಪೆಟ್ಟಿಗೆ 24 ಡಿಗ್ರಿ. ಎರಡು, 26. ಮೂರು, 23. ನಾಲ್ಕು, 25. ಐದನೆಯದರ ಮೀಟರ್ ಮತ್ತೆ ಕೈಕೊಟ್ಟಿದೆ. ಪೆಟ್ಟಿಗೆಗಳ ಅಡಿಯ ಹೀಟ್ ಮ್ಯಾಟ್‌ಗಳ ಸ್ವಿಚ್ ಹಾಕಿದೆ. ಎಂಟಕ್ಕೆ ಆರಿಸಬೇಕು. ಹತ್ತಕ್ಕೆ ಮತ್ತೆ ಹಾಕಬೇಕು. ಹಾವು ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು. ತುಮಕೂರಿನ ಈ ಚಳಿಯಲ್ಲಿ ಅದರ ಪರವಾಗಿ ನಾನು ಓಡಾಡುತ್ತಿದ್ದೇನೆ. ಇಪ್ಪತ್ಮೂರು ದಿನ. ಕಾಲುಗಳು ಸೋತಿವೆ.

ಒಂದರಲ್ಲಿ ಗುಬ್ಬಿಯ ಹೆಬ್ಬಾವು, ಜೆಸಿಬಿ ಹಲ್ಲು ತಾಗಿ ಬೆನ್ನು ಸೀಳಿದ್ದು. ಎರಡರಲ್ಲಿ ಅಮೃತೂರಿನ ಉಡ. ನಾಲ್ಕು, ಐದರಲ್ಲಿ ಗಾಯಗೊಂಡ ಕೇರೆಹಾವುಗಳು. ಮೂರರಲ್ಲಿ ಹೆಬ್ಬೂರಿನ ನಾಗರ. ತೋಟದ ಬೇಲಿಯ ಬಲೆಗೆ ಸಿಕ್ಕಿ ಹೊಟ್ಟೆ ಹರಿದುಕೊಂಡಿತ್ತು. ಈಗ ಮಾಗಿದೆ. 20ಕ್ಕೆ ಕಾಡಿಗೆ ಬಿಡಬಹುದು ಅಂದಿದ್ದಾರೆ ಡಾಕ್ಟರ್ ಮಾಲಿನಿ. ನಾನೇ ಹಿಡಿದು ತಂದು, ನಾನೇ ಔಷಧಿ ಹಚ್ಚಿ ಉಳಿಸಿದ ಮೊದಲ ಹಾವು. ಇನ್ನು ಹದಿನಾರು ದಿನ ಬೆಚ್ಚಗಿದ್ದರೆ ಸಾಕು.

ಡಿಸೆಂಬರ್ 7, ಭಾನುವಾರ

ಕೆಲಸದ ಕರಿಬಸಮ್ಮನ ಜೊತೆ ಮತ್ತೆ ಜಗಳ. ಶೆಡ್ ಗುಡಿಸುವುದು, ನೀರಿಡುವುದು, ಉಡಕ್ಕೆ ಡಬ್ಬಿಯಲ್ಲಿ ಸಾಕಿದ ಹುಳ ಹಾಕುವುದು — ಎಲ್ಲ ಅಚ್ಚುಕಟ್ಟು. ಆದರೆ ಹಾವಿಗೂ ‘ಹುಳ’ ಅನ್ನುತ್ತಾರೆ! ಹೆಸರು ಹೇಳಲು ಹೆದರುವವರು ಹಾವನ್ನು ಉಳಿಸುವುದು ಹೇಗೆ? ಪದ ನೇರವಾಗದೆ ಬುದ್ಧಿ ನೇರವಾಗದು ಎಂದು ಯಾವುದೋ ಕಿರುಹೊತ್ತಿಗೆಯಲ್ಲಿ ಓದಿದ್ದೆ. ಹೇಳಿದೆ: ‘ಇವತ್ತಿಂದ ಹುಳ ಅಂದ್ರೆ ಡಬ್ಬಿ ಹುಳ ಮಾತ್ರ. ಹಾವಿಗೆ ಹಾವು ಅನ್ನಿ.’

‘ಆಯ್ತು ಬುಡವ್ವ, ಅಂತೀನಿ. ನಿಂಗೇನು, ನಾಕ್ ಅಕ್ಸರ ಓದ್ಕಂಡಿದೀಯ. ರಾತ್ರಿ ಕನಸಲ್ಲಿ ಬರೋದು ನನಗೆ ತಾನೆ!’

ಮುಖ ತಿರುಗಿಸಿ ನಕ್ಕರು. ನನಗೆ ನಗು ಬರಲಿಲ್ಲ.

ಡಿಸೆಂಬರ್ 9, ಮಂಗಳವಾರ

ಥರ್ಮೋಸ್ಟ್ಯಾಟ್ ಬಂತು! ಶೆಡ್ ಇರುವುದು ಷಡಕ್ಷರಿ ಮೇಷ್ಟ್ರ ಹಿತ್ತಲಲ್ಲಿ, ಅರಣ್ಯ ಇಲಾಖೆಯ ಅನುಮತಿಯೂ ಅವರ ಹೆಸರಿನಲ್ಲಿ. ಅವರೇ ತರಿಸಿಕೊಟ್ಟರು. ಎಲೆಕ್ಟ್ರಿಷಿಯನ್ ಶಿವರಾಜ್ ಐದೂ ಮ್ಯಾಟ್‌ಗಳನ್ನು ಒಂದೇ ಬೋರ್ಡಿಗೆ ಸೇರಿಸಿ, ಅದನ್ನು ಥರ್ಮೋಸ್ಟ್ಯಾಟಿಗೆ ಕೊಟ್ಟ. ಶಾಖ ಅಳೆಯುವ ವೈರಿನ ತುದಿ ಒಂದನೇ ಪೆಟ್ಟಿಗೆಯೊಳಗೆ. ಅಲ್ಲಿ 30 ಆದರೆ ಐದೂ ಆಫ್. ಇಳಿದರೆ ಐದೂ ಆನ್.

‘ಮೇಡಂ, ಇದುಕ್ಕೆ ಒಂದೇ ಕಣ್ಣು. ಒಂದನೇ ಪೆಟ್ಟಿಗೆ ಬಿಟ್ಟು ಇನ್ನೇನೂ ಕಾಣಲ್ಲ.’

‘ಐದಕ್ಕೂ ಒಂದೇ ಶಾಖ. ಇಲ್ಲಿ ಮೇಲು ಕೀಳು ಇಲ್ಲ.’

‘ಓಹೋ, ಹಾವಿಗೂ ಸಮಾನತೆ!’

ನಗಲಿ. ಸ್ವಿಚ್ ಯಾರೂ ಮುಟ್ಟಬಾರದು ಎಂದು ಎಲ್ಲರಿಗೂ ಹೇಳಿದೆ. ಕರಿಬಸಮ್ಮನಿಗೆ ಎರಡು ಸಲ.

ಡಿಸೆಂಬರ್ 14, ಭಾನುವಾರ

ಐದು ದಿನ ನಿದ್ದೆ ಮಾಡಿದೆ. ಒಂದನೆಯದು 30, ಮೂರನೆಯದು 33. ಮೂರನೇ ಪೆಟ್ಟಿಗೆ ಚಿಕ್ಕದು, ಬೇಗ ಕಾಯುತ್ತದೆ. ಒಂದೊಂದಕ್ಕೂ ಬೇರೆ ಥರ್ಮೋಸ್ಟ್ಯಾಟ್ ಇರಲೇಬೇಕು ಅಂದರು ಡಾಕ್ಟರ್. ನಾಗರ ಹೋದ ಮೇಲೆ ನೋಡೋಣ ಅಂದೆ. ಇನ್ನು ಆರೇ ದಿನ ತಾನೆ…

ಡಿಸೆಂಬರ್ 19, ಶುಕ್ರವಾರ. ಬೆಳಿಗ್ಗೆ 7

ಬರೆಯಲೇಬೇಕು. ನಡೆದ ಹಾಗೇ.

ನಿನ್ನೆ ಕುಣಿಗಲ್‌ನಲ್ಲಿ ಮಹಿಳಾ ಸಂಘದ ಸಭೆ. ಹಾವು ಕಚ್ಚಿದರೆ ಮಂತ್ರ ಬೇಡ, ಆಸ್ಪತ್ರೆಗೆ ಹೋಗಿ ಅಂತ ಒಂದೂವರೆ ಗಂಟೆ ಮಾತಾಡಿದೆ. ಚಪ್ಪಾಳೆ. ವಾಪಸ್ ಬಸ್ಸಿನಲ್ಲಿ ನಿಂತೇ ಬಂದೆ. ಆರೂ ಮುಕ್ಕಾಲಿಗೆ ಕರಿಬಸಮ್ಮನ ಫೋನ್.

‘ಶಿಲ್ಪವ್ವ, ಹುಳ ಒದ್ದಾಡ್ತೈತೆ.’

‘ಎಷ್ಟು?’

‘ಒಂದೇ ಕಣವ್ವ. ಸ್ವಿಚ್ ತೆಗ್ದುಬುಡ್ಲಾ?’

‘ಒಂದು ಹುಳಕ್ಕೆ ಸ್ವಿಚ್ ಯಾಕೆ? ಮುಟ್ಟಬೇಡಿ. ಬಂದು ನೋಡ್ತೀನಿ.’

‘ಅಲ್ಲ ಕಣವ್ವ —’

ಕಂಡಕ್ಟರ್ ಕೂಗುತ್ತಿದ್ದ. ಕಟ್ ಮಾಡಿದೆ. ನಾನೇ.

ಶೆಡ್ಡಿಗೆ ಬಂದಾಗ ಎಂಟು. ಮಧ್ಯಾಹ್ನ ಮೇಷ್ಟ್ರು ಡ್ರೆಸ್ಸಿಂಗಿಗೆ ಹೆಬ್ಬಾವನ್ನು ಡಾಕ್ಟರ್ ಹತ್ತಿರ ಒಯ್ದಿದ್ದರು. ಇನ್ನೂ ಬಂದಿರಲಿಲ್ಲ. ಒಂದನೇ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಖಾಲಿ ಪೆಟ್ಟಿಗೆ ತಣ್ಣಗೆ 22 ತೋರಿಸುತ್ತಿತ್ತು. ಹಾಗಾಗಿ ಐದೂ ಮ್ಯಾಟ್ ಒಮ್ಮೆಯೂ ಆರದೆ ಉರಿದಿವೆ. ದೊಡ್ಡ ಪೆಟ್ಟಿಗೆಗಳು 35ರ ಆಸುಪಾಸು. ಚಿಕ್ಕದಾದ ಮೂರನೆಯದು 44. ಕರಿಬಸಮ್ಮ ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ ಹಾಸಿ, ಬಾಗಿಲಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಬೀಸುತ್ತಿದ್ದರು. ಸ್ವಿಚ್ ಮುಟ್ಟಿರಲಿಲ್ಲ.

ಕೂಗಾಡಿದೆ. ‘ಹಾವು ಅಂತ ಹೇಳೋಕೆ ಏನಾಗಿತ್ತು ನಿಮಗೆ?’

‘ದೀಪ ಹಚ್ಚಿದ್ದೆ ಕಣವ್ವ. ಹೊತ್ತು ಮುಳುಗಿದ ಮ್ಯಾಲೆ ಹೆಂಗೆ ಹೆಸ್ರು ಎತ್ಲಿ? ಸ್ವಿಚ್ಚು ಅಂದ್ನಲ್ಲ… ನೀನು ಡಬ್ಬಿ ಹುಳ ಅಂದ್ಕಂಡ್ಯಾ? ಅಯ್ಯೋ ನನ್ನವ್ವ!’

ನಾಗರ ಬದುಕಿದೆ. ಹೊಟ್ಟೆಯುದ್ದಕ್ಕೂ ಸುಟ್ಟಿದೆ.

ಡಿಸೆಂಬರ್ 21, ಭಾನುವಾರ

ಬೆಳಿಗ್ಗೆ 5.40ಕ್ಕೆ ಸತ್ತಿತು. ನಿನ್ನೆ ಬಿಡಬೇಕಿತ್ತು.

ಡಿಸೆಂಬರ್ 24, ಬುಧವಾರ

ಮ್ಯಾಟ್‌ಗಳನ್ನು ಮತ್ತೆ ಕೈಯಲ್ಲೇ ಹಾಕಿ ಆರಿಸುತ್ತಿದ್ದೇನೆ.

ಶುಕ್ರವಾರ ಇಲಾಖೆಗೆ ನಾಗರದ ಸಾವಿನ ವರದಿ ಕೊಡಬೇಕು. ಫಾರಂ ಹಿಡಿದು ಮೇಷ್ಟ್ರು ಬಂದರು.

‘ಕರಿಬಸಮ್ಮ ಸರಿಯಾಗಿ ತಿಳಿಸ್ಲಿಲ್ಲ ಅಂತ ಬರೀ, ಶಿಲ್ಪಾ. ಸುಳ್ಳೇನಲ್ವಲ್ಲ.’

‘ಅವರ ಕೆಲಸ ಹೋಗತ್ತೆ ಸರ್.’

‘ಬೇರೆ ಕಡೆ ಹಚ್ತೀನಿ. ಮುಚ್ಚಳ ತೆಗ್ದಿಟ್ಟೋನು ನಾನು, ಫೋನ್ ಕಟ್ ಮಾಡಿದೋಳು ನೀನು. ನಮ್ಮಿಬ್ಬರ ಹೆಸ್ರು ಬಂದ್ರೆ ಅನುಮತಿ ಹೋಗತ್ತೆ ಕಣಮ್ಮ. ಉಳಿದ ನಾಲ್ಕು ಜೀವ ಎಲ್ಲಿಡ್ತೀಯ?’

ನಾನು ಓದಿದ ಯಾವುದರಲ್ಲೂ ಈ ಪ್ರಶ್ನೆ ಇರಲಿಲ್ಲ. ಸುಳ್ಳಲ್ಲ, ನಿಜ. ಕರಿಬಸಮ್ಮ ಹೇಳಿದ್ದು ನನಗೆ ಸರಿಯಾಗಿ ತಿಳಿಯಲಿಲ್ಲ. ಇಷ್ಟು ನಯವಾಗಿ ಒಬ್ಬರನ್ನು ಮುಗಿಸಬಹುದು ಎಂದು ಗೊತ್ತಿರಲಿಲ್ಲ.

ಸಂಜೆ ಕರಿಬಸಮ್ಮ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ‘ಉಣ್ಣು. ನೀನೂ ಸತ್ರೆ ಇವಕ್ಕೆ ಗತಿ ಯಾರು?’ ಫಾರಂ ಮೇಜಿನ ಮೇಲೇ ಇತ್ತು. ಅವರಿಗೆ ಓದಲು ಬರುವುದಿಲ್ಲ. ಆದರೂ ಅದನ್ನು ಈ ಡೈರಿಯೊಳಗಿಟ್ಟು ಮುಚ್ಚಿದೆ.

ಡಿಸೆಂಬರ್ 26, ಶುಕ್ರವಾರ. ಬೆಳಿಗ್ಗೆ 8.30

ಒಂದು, 28. ಎರಡು, 29. ನಾಲ್ಕು, 27. ಐದು, 28.

ಹತ್ತಕ್ಕೆ ಕಚೇರಿ. ಮೇಷ್ಟ್ರು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಹಾರನ್ ಹೊಡೆಯುತ್ತಿದ್ದಾರೆ. ‘ಸಾವಿಗೆ ಕಾರಣ’ — ಅದೊಂದು ಕಾಲಂ ಖಾಲಿ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿಗೆ.

‘18ರ ಸಂಜೆ 6.45ಕ್ಕೆ, ಹಾವು ಇನ್ನೂ ಉಳಿಯಬಹುದಾಗಿದ್ದ ಹೊತ್ತಿಗೆ, ಕರಿಬಸಮ್ಮನವರು ಫೋನಿನಲ್ಲಿ ತಿಳಿಸಿದ್ದರು. ಸ್ವಿಚ್ ತೆಗೆಯಲೇ ಎಂದೂ ಕೇಳಿದ್ದರು. ನಾನು