ಒಂದೇ ಸ್ಟಾರಿನ ಡಾಕ್ಟರಮ್ಮ

ಪ್ರೀತಿಯ ಕುಳ್ಳಿ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ನಾನು ಕಿರುಚುತ್ತೇನೆ, ನೀನು ಕಟ್ ಮಾಡುತ್ತೀಯ. ಏನು ಮಾಡಲಿ, ಡ್ರೈವಿಂಗ್ ಕಲಿಸುವವಳ ಗಂಟಲು ಇದು. ದಿನವಿಡೀ 'ಬ್ರೇಕ್, ಬ್ರೇಕ್' ಅಂತ ಕೂಗಿ ಕೂಗಿ ಮೆತ್ತಗೆ ಮಾತಾಡುವುದೇ ಮರೆತುಹೋಗಿದೆ. ಕಾಗದದಲ್ಲಾದರೆ ನನಗೆ ಕಿರುಚಲು ಬರುವುದಿಲ್ಲ, ನಿನಗೆ ಕಟ್ ಮಾಡಲು ಬರುವುದಿಲ್ಲ. ಇದನ್ನು ನಿನ್ನ ಗಂಡನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಮಗುವನ್ನು ಅವರ ಹೆಗಲಿಗೆ ಹಾಕಿ, ಕೊನೆಯವರೆಗೂ ಓದು.

ಭಾನುವಾರ ನೀನು ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. "ಅಕ್ಕಾ, ಇವಳು ಅತ್ತರೆ ಪಕ್ಕದ ಮನೆ ಮಗು ಅಳ್ತಿರೋ ಹಾಗೆ ಕೇಳುತ್ತೆ. ನಾನಿಲ್ಲದಿದ್ದರೆ ಇವಳಿಗೆ ಒಳ್ಳೇ ಅಮ್ಮ ಸಿಗ್ತಾಳೇನೋ" ಅಂದೆ. ಅಂದವಳು, ಒಣಗಿದ ಬಟ್ಟೆ ತೆಗೀಬೇಕು ಅಂತ ಫೋನಿಟ್ಟುಬಿಟ್ಟೆ. ನಾನು ಒಬ್ಬ ವಿದ್ಯಾರ್ಥಿಯ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಕಾರು ಬದಿಗೆ ನಿಲ್ಲಿಸು ಅಂದೆ. ಬಾಣಂತನದ ಆಯಾಸ, ನಿದ್ದೆಗೇಡು, ಎಲ್ಲ ತಾನಾಗಿಯೇ ಸರಿಹೋಗುತ್ತದೆ ಅಂತ ಜನ ಹೇಳುವುದನ್ನು ನಾನೂ ಕೇಳಿದ್ದೇನೆ. ಆದರೆ ಇದು ಆಯಾಸದ ಮಾತಲ್ಲ ಕಣೇ. ಅವತ್ತೇ ನಾನು ಹೋಗುವ ಮನಸ್ಸಿನ ಡಾಕ್ಟರಮ್ಮನ ಹತ್ತಿರ ನಿನಗೆ ಸಮಯ ತೆಗೆದುಕೊಟ್ಟೆ. ನೀನು "ಹೂಂ" ಅಂದೆ. ಆಮೇಲೆ ನನಗೊಂದು ಮಾತೂ ಹೇಳದೆ ರದ್ದು ಮಾಡಿ, ಮೊಬೈಲಿನಲ್ಲಿ ಅವರ ಬಗ್ಗೆ ಜನ ಬರೆದ ಅಭಿಪ್ರಾಯಗಳ ಚಿತ್ರ ತೆಗೆದು ಕಳಿಸಿದೆ. "ನೋಡು, ಎಂಥವರ ಹತ್ರ ಕಳಿಸ್ತಿದೀಯ ನನ್ನನ್ನ" ಅಂತ ಕೆಳಗೊಂದು ಸಾಲು.

ನೀನು ಹಾಗೆ ಮಾಡುತ್ತೀಯ ಅಂತ ನನಗೆ ಹೊಳೆಯಬೇಕಿತ್ತು. ಒಂದು ಕುಕ್ಕರ್ ಕೊಳ್ಳುವುದಕ್ಕೆ ಊರವರ ಅಭಿಪ್ರಾಯವನ್ನೆಲ್ಲ ಓದಿ, ಕೊನೆಗೆ ಯಾರದೋ ಕುಕ್ಕರಿನ ಹಿಡಿ ಕಳಚಿಬಿತ್ತು ಅಂತ ಹೆದರಿ, ಚಳಿಗಾಲ ಪೂರ್ತಿ ತಟ್ಟೆ ಮುಚ್ಚಿ ಬೇಳೆ ಬೇಯಿಸಿದವಳು ನೀನು.

ಅಭಿಪ್ರಾಯಗಳ ವಿಷಯ ನನಗೆ ಹೇಳಬೇಡ. ನನ್ನ ಡ್ರೈವಿಂಗ್ ಶಾಲೆಗೂ ಸ್ಟಾರುಗಳಿವೆ. ಪರೀಕ್ಷೆಯಲ್ಲಿ ಹಿಂದಕ್ಕೆ ಬರುವಾಗ ಕಂಬಕ್ಕೆ ಗುದ್ದಿದ ಹೆಂಗಸು 'ಕಾರು ಸರಿಯಿಲ್ಲ, ಟೀಚರ್ ಬಾಯಿ ಜೋರು' ಅಂತ ಒಂದು ಸ್ಟಾರ್ ಕೊಟ್ಟಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. (ಬಾಯಿ ಜೋರು ಅನ್ನುವುದು ಮಾತ್ರ ನಿಜ, ಬಿಡು.) ಇನ್ನೊಬ್ಬ ಮಹಾನುಭಾವ ನಮ್ಮಲ್ಲಿ ಕಾಲಿಟ್ಟೇ ಇಲ್ಲ, ಎದುರುಗಡೆಯ ಟೈರ್ ಅಂಗಡಿ ಅಂದುಕೊಂಡು ನನ್ನನ್ನು ಬೈದಿದ್ದಾನೆ. ಐದು ಸ್ಟಾರಿನವರೂ ಅಷ್ಟೇ. ನನ್ನ ನಾದಿನಿ ಒಬ್ಬಳೇ ಬೇರೆಬೇರೆ ಹೆಸರಿನಲ್ಲಿ ನಾಲ್ಕು ಸಲ ಹೊಗಳಿದ್ದಾಳೆ. ಅವಳಿಗೆ ಸೈಕಲ್ಲೂ ಬರುವುದಿಲ್ಲ.

ಆದರೆ ನನಗೊಂದು ಅನುಕೂಲವಿದೆ. ಬೈದವರಿಗೆ ನಾನು ಉತ್ತರ ಬರೆಯಬಹುದು. 'ಅಮ್ಮಾ, ಕಂಬ ಅಲ್ಲೇ ಇತ್ತು, ನೀವೇ ಅದರ ಹತ್ತಿರ ಹೋದಿರಿ' ಅಂತ ಬರೆದೂ ಇದ್ದೇನೆ. ಡಾಕ್ಟರಮ್ಮ ಯಾರಿಗೂ ಉತ್ತರ ಕೊಟ್ಟಿಲ್ಲ, ಗಮನಿಸಿದೆಯಾ? ನಾನು ಒಂದು ಸಲ ಕೇಳಿಯೇಬಿಟ್ಟೆ, "ಇಷ್ಟೆಲ್ಲ ಬರೀತಾರಲ್ಲ, ಸುಮ್ಮನೆ ಯಾಕಿದ್ದೀರಿ?" ಅಂತ. ಅವರು ನಕ್ಕರು. "ನಾನು ಉತ್ತರ ಕೊಟ್ಟರೆ ಅವರು ಇಲ್ಲಿಗೆ ಬಂದಿದ್ದು ನಿಜ ಅಂತ ನಾನೇ ಊರಿಗೆಲ್ಲ ಸಾರಿದ ಹಾಗಾಗುತ್ತಲ್ಲ" ಅಂದರು. ಬೈಸಿಕೊಂಡು ಕೂತಿರುವುದೂ ಆ ಕೆಲಸದ ಒಂದು ಭಾಗ ಅಂತ ನನಗೆ ಅವತ್ತೇ ಗೊತ್ತಾದದ್ದು. ಇನ್ನು ವಾಸಿಯಾಗಿ ಹೋದವರಾದರೂ ಯಾಕೆ ಬರೆಯುತ್ತಾರೆ? ಹಲ್ಲಿನ ಡಾಕ್ಟರನ್ನು ಹೊಗಳಿದರೆ ಹಲ್ಲು ನೋಯುತ್ತಿತ್ತು ಅಂತಷ್ಟೇ ಊರಿಗೆ ಗೊತ್ತಾಗುತ್ತದೆ. ಇವರನ್ನು ಹೊಗಳಿದರೆ ನೆಂಟರು ಫೋನ್ ಮಾಡಿ "ಏನಾಗಿತ್ತು?" ಅಂತ ಕೇಳುತ್ತಾರೆ. ನಾನೂ ಒಂದಕ್ಷರ ಬರೆದಿಲ್ಲ.

ಈಗ ನೀನು ಕಳಿಸಿದ ಒಂದೊಂದಕ್ಕೂ ಬರುತ್ತೇನೆ. 'ತುಂಬಾ ಹೊತ್ತು ಕಾಯಿಸುತ್ತಾರೆ' ಅಂತ ಒಬ್ಬರು. ನಿಜ. ಹೊರಗಿನ ಕೋಣೆಯಲ್ಲಿ ಗಟ್ಟಿ ಕುರ್ಚಿ, ಹಳೇ ಪತ್ರಿಕೆ, ಹರಳೆಣ್ಣೆ ಕುಡಿದ ಮುಖದ ರಿಸೆಪ್ಷನಿಸ್ಟ್. ನಾನೂ ಹಲ್ಲು ಕಡಿಯುತ್ತಾ ಕಾದಿದ್ದೇನೆ. ಆಮೇಲೊಂದು ದಿನ ಒಳಗೆ ಅಳು ನಿಲ್ಲದೆ ಕೂತವಳು ನಾನೇ ಆದೆ. ನನ್ನ ಸಮಯ ಮುಗಿದಿತ್ತು. ಹೊರಗೆ ಯಾರೋ ಜೋರಾಗಿ ಕೆಮ್ಮಿ ತಮ್ಮ ಇರವನ್ನು ನೆನಪಿಸುತ್ತಿದ್ದರು. ಡಾಕ್ಟರಮ್ಮ ಗಡಿಯಾರದ ಕಡೆ ತಲೆ ಎತ್ತಲಿಲ್ಲ, ನೀರಿನ ಲೋಟ ನನ್ನ ಕಡೆ ಸರಿಸಿದರು.

'ಈ ಡಾಕ್ಟರಿಗೆ ಏನೂ ಗೊತ್ತಿಲ್ಲ, ಅವರೇ ಒಪ್ಪಿಕೊಂಡರು' ಅಂತ ಇನ್ನೊಬ್ಬರು. ಇದನ್ನೋದಿ ನಗು ತಡೆಯಲಾಗಲಿಲ್ಲ. ನನ್ನ ಕಥೆ ನಿನಗೆ ಗೊತ್ತಲ್ಲ, ಮೇಲ್ಸೇತುವೆಯ ನೆತ್ತಿಯಲ್ಲಿ ಕೈಕಾಲು ಮರಗಟ್ಟಿ, ಜೀವ ಬಾಯಿಗೆ ಬಂದು, ಕಲಿಯಲು ಬಂದ ಹುಡುಗಿಯೇ ಕಾರು ಇಳಿಸಿ ನನ್ನನ್ನು ಮನೆಗೆ ಬಿಟ್ಟದ್ದು. ಅವತ್ತಿನಿಂದ ಸ್ಟಿಯರಿಂಗ್ ಮುಟ್ಟಿದರೆ ಬೆವರು. ಕಾರೇ ಅನ್ನ ನನಗೆ. ಎದೆಯ ಡಾಕ್ಟರು ಗ್ಯಾಸ್ ಅಂದರು, ಪಕ್ಕದ ಮನೆಯವರು ದೃಷ್ಟಿ ಅಂದರು, ನಿಮ್ಮ ಭಾವ ವಯಸ್ಸು ಅಂದರು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಕೊನೆಗೆ ಈ ಡಾಕ್ಟರಮ್ಮನ ಮುಂದೆ ಕೂತು, "ನನಗೆ ಹುಚ್ಚು ಹಿಡೀತಾ ಇದೆಯಾ?" ಅಂದೆ. "ಇಲ್ಲ" ಅಂದರು ತಕ್ಷಣ. "ಮತ್ತೆ ಸೇತುವೆ ಮೇಲೇ ಯಾಕೆ ಹೀಗಾಗುತ್ತೆ?" "ಗೊತ್ತಿಲ್ಲ. ಇಬ್ಬರೂ ಸೇರಿ ಹುಡುಕೋಣ." ಆ 'ಗೊತ್ತಿಲ್ಲ' ಕೇಳಿ ನನಗಾದ ಸಮಾಧಾನ ಹೇಗೆ ಹೇಳಲಿ! ಅವರ ಮೇಜು ಗೋಡೆಗೆ ಅಂಟಿಕೊಂಡಿದೆ, ನಮ್ಮಿಬ್ಬರ ಮಧ್ಯೆ ಏನೂ ಇರಲಿಲ್ಲ. "ಸೇತುವೆ ಹತ್ತಬೇಡಿ, ಅದರ ಬುಡದವರೆಗೆ ಹೋಗಿ ವಾಪಸ್ ಬನ್ನಿ, ಈ ವಾರ ಅಷ್ಟೇ" ಅಂದರು. ಹೊಸಬರಿಗೆ ನಾನೂ ಹೀಗೇ ತಾನೇ ಹೇಳುವುದು, ಮೊದಲು ಕ್ಲಚ್ ಒಂದೇ, ರಸ್ತೆಯ ಚಿಂತೆ ಆಮೇಲೆ ಅಂತ.

ಅವರೇನು ದೇವತೆಯಲ್ಲ. ಮೊದಲು ಕೊಟ್ಟ ಮಾತ್ರೆ ನನಗೆ ಒಗ್ಗಲಿಲ್ಲ. ಬಾಯಿ ಒಣಗಿ ಹಗಲೆಲ್ಲ ತೂಕಡಿಕೆ. ಹೋಗಿ ಜಗಳಕ್ಕೆ ನಿಂತೆ. "ಬೈದದ್ದು ಒಳ್ಳೆಯದಾಯ್ತು, ಸುಮ್ಮನೆ ನಿಲ್ಲಿಸಿಬಿಡ್ತಾರೆ ಎಷ್ಟೋ ಜನ" ಅಂತ ಬೇರೆ ಬರೆದುಕೊಟ್ಟರು. 'ನನ್ನ ಅಣ್ಣನಿಗೆ ಇವರಿಂದ ಗುಣವಾಗಲಿಲ್ಲ' ಅಂತ ಒಬ್ಬಳು ಬರೆದಿದ್ದಾಳಲ್ಲ, ಅದನ್ನು ನಾನು ಸುಳ್ಳು ಅನ್ನುವುದಿಲ್ಲ. ಆಗಿರಲಿಕ್ಕಿಲ್ಲ. ಆ ತಂಗಿಯ ಸಂಕಟ ನನಗೆ ಅರ್ಥವಾಗುತ್ತದೆ, ಇವತ್ತಂತೂ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ನೀನು ಕೆಂಪು ಗೆರೆ ಎಳೆದು ಕಳಿಸಿದ್ದು ಇನ್ನೊಂದನ್ನು. ಹೆಸರಿಲ್ಲ, ಫೋಟೊ ಇಲ್ಲ, ಒಂದೇ ಸ್ಟಾರ್. 'ಇಂಥ ಡಾಕ್ಟರನ್ನ ನನ್ನ ಜನ್ಮದಲ್ಲೇ ನೋಡಿಲ್ಲ. ಕೈಮುಗಿದು ಬಂದೆ.' ಇದನ್ನು ಓದಿಯೇ ನೀನು ರದ್ದು ಮಾಡಿದ್ದು, ಅಲ್ಲವಾ? ನನಗೂ ಮೈಯೆಲ್ಲ ಉರಿಯಿತು. ಯಾರಿವನು, ಏನು ಮಾಡಿದ್ದರು ಇವನಿಗೆ?

ನಿನ್ನೆ ಬೆಳಿಗ್ಗೆ ಅಪ್ಪನ ಮನೆಗೆ ಹೋದಾಗ ಅದೇ ಉರಿಯಲ್ಲಿದ್ದೆ. ಅಪ್ಪ ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿ ಸೋರುವ ಪೈಪಿಗೆ ಏನೋ ಸುತ್ತುತ್ತಿದ್ದರು. ನಾನು ನಿಂತಲ್ಲೇ ಗಟ್ಟಿಯಾಗಿ ಓದಿದೆ. "ಹೀಗೆ ಬಾಯಿಗೆ ಬಂದ ಹಾಗೆ ಬರೆಯೋರ ಕೈಗೆ ಹುಳ ಬೀಳ" ಅಂತ ಶಾಪವನ್ನೂ ಸೇರಿಸಿದೆ. ಕೆಳಗಿನಿಂದ ಅಪ್ಪನ ಧ್ವನಿ ಬಂತು.

"ಅದು ಬೈದಿದ್ದು ಅಂತ ಯಾರೇ ಹೇಳಿದ್ದು ನಿಂಗೆ?"

"ಒಂದೇ ಸ್ಟಾರ್ ಕೊಟ್ಟಿದಾನಪ್ಪಾ!"

"ಒಂದು ಅಂದ್ರೆ ಒಂದನೇ ದರ್ಜೆ ತಾನೇ?"

ನನಗೆ ತಕ್ಷಣ ಹೊಳೆಯಲಿಲ್ಲ ಕಣೇ. ಅಪ್ಪ ನಿಧಾನಕ್ಕೆ ಹೊರಗೆ ಬಂದು, ಕೈ ಒರೆಸಿಕೊಂಡು, ನೆಲದ ಮೇಲೇ ಕೂತರು. ಅವರು ಬಸ್ಸು ಓಡಿಸುತ್ತಿದ್ದಾಗ ಡಿಪೋದಲ್ಲಿ ಚಾಲಕರಿಗೆ ದರ್ಜೆ ಕೊಡುತ್ತಿದ್ದರಂತೆ. ಒಂದನೇ ದರ್ಜೆ ಅಂದರೆ ಅಪಘಾತವಿಲ್ಲದವನು, ಐದನೇ ದರ್ಜೆಯವನ ಕೈಗೆ ಯಾರೂ ಬಸ್ಸು ಕೊಡುವುದಿಲ್ಲ. "ಐದು ಯಾಕೆ ಕೊಡಲಿ ಆ ಯಮ್ಮನಿಗೆ? ಮೊದಲನೇದನ್ನ ಒತ್ತಿದೆ, ಬೆಳಗಿತು, ಸಾಕು ಅಂತ ಬಿಟ್ಟೆ" ಅಂದರು.

ನಮ್ಮಪ್ಪ, ಕುಳ್ಳಿ. ಜ್ವರ ಬಂದರೂ ಯಾರಿಗೂ ಹೇಳದ ನಮ್ಮಪ್ಪ. ಅಮ್ಮ ತೀರಿಕೊಂಡ ವರ್ಷ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಹೋಗುತ್ತಿದ್ದರಲ್ಲ, ಕಣ್ಣಿಗೇನಾಗಿದೆ ಅಂತ ನಾವು ಯೋಚಿಸುತ್ತಿದ್ದೆವಲ್ಲ, ಹೋಗುತ್ತಿದ್ದದ್ದು ಇಲ್ಲಿಗೆ. ಮನೆಯಲ್ಲಿ ಒಬ್ಬರೇ ಇರಲಾರದೆ ಬಸ್ಸು ಹತ್ತಿ, ಡ್ರೈವರ ಹಿಂದಿನ ಸೀಟಿನಲ್ಲಿ ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದರಂತೆ. ಮತ್ತೆ ಹತ್ತುತ್ತಿದ್ದರಂತೆ. ಗುರುತಿನ ಕಂಡಕ್ಟರೊಬ್ಬ ಒಂದು ದಿನ ಕೈಹಿಡಿದು ಇಳಿಸಿ ಡಾಕ್ಟರಮ್ಮನ ವಿಳಾಸ ಹೇಳಿದನಂತೆ. "ಮೊದಮೊದಲು ಬರೀ ಬ್ರೇಕು, ಗೇರು, ರೂಟಿನ ವಿಷಯ ಮಾತಾಡ್ತಿದ್ದೆ ಕಣೇ. ಆಕೆ ಕೇಳಿಸಿಕೊಂಡರು. ಒಂದು ದಿನ ಹಾಗೇ ಮಾತಾಡ್ತಾ ನಿಮ್ಮಮ್ಮನ ಹೆಸರು ಬಂತು. ಅವಳು ಹೋದ ಮೇಲೆ ನಾನು ಅತ್ತಿದ್ದು ಅಲ್ಲೇ" ಅಂದರು. ನಾನು ಅವರ ಪಕ್ಕ ಒದ್ದೆ ನೆಲದ ಮೇಲೆ ಕೂತು, ನಾಚಿಕೆಯಿಲ್ಲದೆ ಅತ್ತೆ.

ಇನ್ನೊಂದು ಕೇಳು. ನಾನು ಅದೇ ಡಾಕ್ಟರಮ್ಮನ ಮುಂದೆ ಅಪ್ಪನ ಮೇಲೆ ಎಷ್ಟು ದೂರು ಹೇಳಿದ್ದೇನೆ! "ನಮ್ಮಪ್ಪ ಬಸ್ ಡ್ರೈವರ್, ಕಲ್ಲು ಮನುಷ್ಯ, ಅಮ್ಮ ಸತ್ತರೂ ಒಂದು ಹನಿ ಕಣ್ಣೀರು ಹಾಕಲಿಲ್ಲ, ಇಂಥದ್ದೆಲ್ಲ ಅವರಿಗೆ ಅರ್ಥವಾಗಲ್ಲ" ಅಂತ. ಆ ತಾಯಿ "ಹಾಗಾ" ಅಂದರು, ಅಷ್ಟೇ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆ ಡ್ರೈವರ ಮಗಳು ನಾನೇ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅಪ್ಪನ ಗುಟ್ಟನ್ನು ಮಗಳಿಂದಲೇ ಕಾಪಾಡಿದವರು ನಿನ್ನ ಗುಟ್ಟನ್ನು ಬೀದಿಗೆ ಬಿಡುತ್ತಾರೆಯೇ? ಮಗುವಿನ ಬಗ್ಗೆ ನಿನಗೆ ಏನನಿಸುತ್ತದೋ, ಎಷ್ಟು ಕೆಟ್ಟದ್ದೆನಿಸುತ್ತದೋ, ನನಗೂ ಹೇಳಲಾಗದ್ದನ್ನು ಅಲ್ಲಿ ಹೇಳು. ಅವರು ಬೆಚ್ಚಿಬೀಳುವುದಿಲ್ಲ.

ಹಾಗಂತ ಕಣ್ಣು ಮುಚ್ಚಿ ನಂಬು ಅನ್ನುತ್ತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರೇ ಹೇಳಿದ್ದಾರೆ. ನೀನು ಪ್ರತ್ಯಕ್ಷವನ್ನೇ ಕಂಡಿಲ್ಲವಲ್ಲೇ! ಒಂದು ಸಲ ಹೋಗಿ ಎದುರಿಗೆ ಕೂತುಕೋ. ಹಿಡಿಸದಿದ್ದರೆ ಬೇರೆಯವರನ್ನು ಹುಡುಕೋಣ, ಅವರೂ ಹಿಡಿಸದಿದ್ದರೆ ಇನ್ನೊಬ್ಬರನ್ನು. ಊರಿನ ಡಾಕ್ಟರುಗಳೆಲ್ಲ ಮುಗಿಯಲಿ, ನಾನು ಕಾರು ಓಡಿಸುತ್ತೇನೆ. ಆದರೆ ನೀನು ಒಬ್ಬಳೇ ಆ ಕೋಣೆಯಲ್ಲಿ ಕೂತು ನಾನಿಲ್ಲದಿದ್ದರೆ ಅನ್ನುವ ಲೆಕ್ಕ ಹಾಕಬೇಡ. ಇವತ್ತು ರಾತ್ರಿ ಆ ಯೋಚನೆ ಬಂದರೆ ಪಕ್ಕದಲ್ಲಿರುವ ಗಂಡನನ್ನು ಎಬ್ಬಿಸು, ನನಗೆ ಫೋನ್ ಮಾಡು. ಕಿರುಚುವುದಿಲ್ಲ, ಆಣೆ. ನಿನ್ನ ಗಂಡನಿಗೂ ಎಲ್ಲ ಹೇಳಿದ್ದೇನೆ, ಅವರ ಮೇಲೆ ಕೋಪ ಮಾಡಿಕೊಳ್ಳಬೇಡ.

ನಾಳೆ ಬೆಳಿಗ್ಗೆಗೆ ಮತ್ತೆ ಸಮಯ ತೆಗೆದಿದ್ದೇನೆ. ಮಗುವನ್ನು ಹೊರಗೆ ಎತ್ತಿಕೊಂಡು ಕೂರುವುದಕ್ಕೆ ಅಪ್ಪ ಬರುತ್ತಾರೆ. ಇದನ್ನೆಲ್ಲ ನಿನಗೆ ಬರೆ ಅಂದವರೂ ಅವರೇ. ತಾವೇ ಹೇಳೋಣವೆಂದು ಫೋನ್ ತೆಗೆದು, ರಿಂಗಾಗುವ ಮೊದಲೇ ಇಟ್ಟುಬಿಡುತ್ತಾರಂತೆ. ನಿನ್ನೆ ಹೊರಡುವಾಗ, "ಮೊಬೈಲ್ ಕೊಡಪ್ಪಾ, ಉಳಿದ ಸ್ಟಾರುಗಳನ್ನೂ ಒತ್ತಿಬಿಡ್ತೀನಿ" ಅಂದೆ. ಅಪ್ಪ ಕೊಡಲಿಲ್ಲ. "ಸ್ಟಾರು ಎಲ್ಲಿಗೂ ಓಡಿಹೋಗಲ್ಲ. ಮೊದಲು ನನ್ನ ಮಗಳು..." ಅಂದರು. ಅಷ್ಟಕ್ಕೇ ಬಿಟ್ಟು, ಮತ್ತೆ ಸಿಂಕಿನ ಕೆಳಗೆ ತಲೆ ತೂರಿಸಿದರು.

ನೂರು ವರ್ಷ ಬಾಳು ಅಂತ ಹರಸುವುದು ದೊಡ್ಡವರಿಗೆ ಸೇರಿದ್ದು, ನನಗೆ ಅಷ್ಟು ಆಸೆಯಿಲ್ಲ. ನಾಳೆ ಬೆಳಿಗ್ಗೆ ನಾನು ಹಾರ್ನ್ ಹೊಡೆದಾಗ ನೀನು ಮಗುವನ್ನೆತ್ತಿಕೊಂಡು ಕೆಳಗಿಳಿದು ಬಾ. ತಲೆ ಬಾಚಿರದಿದ್ದರೂ ಪರವಾಗಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಬಾಯಿಬಡುಕಿ ಅಕ್ಕ