ಗೋಡೆಗೆ ತಾಗಿಸಿಟ್ಟ ಕಂಪ್ಯೂಟರ್

ಕುಮಾರ ಪಾರ್ಕ್, ಬೆಂಗಳೂರು
೨೪ ಆಗಸ್ಟ್ ೨೦೦೩, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ನೋವು ಹೇಗಿದೆ? ಶಶಿ ಅಕ್ಕ ಎದ್ದು ಓಡಾಡುತ್ತಿದ್ದಾಳಾ? ಮಗು ಇನ್ನೂ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ನಿನ್ನನ್ನು ಎಚ್ಚರವಾಗಿಡುತ್ತಾ? ಬಾಣಂತಿಗೆ ಹಾಕುವ ಸಾಂಬ್ರಾಣಿ ಹೊಗೆಯಲ್ಲಿ ನೀನೂ ಕೆಮ್ಮಿಕೊಂಡು ಕೂರಬೇಡ. ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ನಾನು, ಅಪ್ಪ ಮೂರು ದಿನದಿಂದ ಮುನಿರಾಜ್ ಮಾವನ ಮನೆಯಲ್ಲಿದ್ದೇವೆ. ಇಬ್ಬರೂ ಕ್ಷೇಮ. ಅದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಮುಂದಿನದನ್ನು ಕೂತುಕೊಂಡು ಓದು.

ನೀನು ಹೊಸಕೋಟೆಗೆ ಹೊರಟ ವಾರದಿಂದಲೇ ನನ್ನ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು. ಟೈಪ್ ಮಾಡಲು ಒಪ್ಪಿಕೊಂಡಿದ್ದ ಮೂರು ಲಗ್ನಪತ್ರಿಕೆ ಅರ್ಧಕ್ಕೇ ಅಳಿಸಿಹೋದವು. ರಿಪೇರಿ ವಸಂತ್ ಬಂದು ಪೆಟ್ಟಿಗೆ ಬಿಚ್ಚಿ, ಫ್ಯಾನಿನ ಧೂಳು ತೆಗೆದು, ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಪರದೆಯ ಮೂಲೆಯಲ್ಲಿ ಪುಟ್ಟ ಅಂಕಿಗಳು ಬರುತ್ತವೆ ಅಮ್ಮಾ: ಪ್ರೊಸೆಸರ್ ಎಷ್ಟು ಬಿಸಿ, ಪೆಟ್ಟಿಗೆಯೊಳಗೆ ಎಷ್ಟು ಬಿಸಿ, ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು, ವೋಲ್ಟೇಜ್ ಎಷ್ಟು. ಐದೈದು ನಿಮಿಷಕ್ಕೆ ಅದೆಲ್ಲವನ್ನೂ ತಾನೇ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಮಿತಿ ಮೀರಿದರೆ ಕೂಗುತ್ತದೆ. ಮೊದಮೊದಲು ನನಗೆ ಅದು ಆಟದ ಹಾಗಿತ್ತು. ನಿನ್ನ ಹಾಲಿನ ಪಾತ್ರೆ ಕಾಯುವ ಹಾಗೆ ಅದನ್ನೇ ಕಾಯುತ್ತಾ ಕೂರುತ್ತಿದ್ದೆ.

ಆಮೇಲೆ ಒಂದು ವಿಚಿತ್ರ ಕಂಡಿತು. ಪ್ರೊಸೆಸರ್ ತಣ್ಣಗಿತ್ತು, ಫ್ಯಾನ್ ಚೆನ್ನಾಗಿಯೇ ಸುತ್ತುತ್ತಿತ್ತು. ಪೆಟ್ಟಿಗೆಯ ಬಿಸಿ ಮಾತ್ರ ಬೆಳಿಗ್ಗೆ ಮೂವತ್ತಮೂರು ಇದ್ದದ್ದು ಹನ್ನೊಂದು ಗಂಟೆಗೆ ಏರಲು ಶುರುವಾಗಿ ನಾಲ್ಕರ ಹೊತ್ತಿಗೆ ನಲವತ್ತೈದು ಮುಟ್ಟುತ್ತಿತ್ತು. ಹೊರಗೆ ಜಡಿಮಳೆ ಸುರಿಯುವಾಗಲೂ ಅಷ್ಟೇ. ಭಾನುವಾರ ಮಾತ್ರ ಏರುತ್ತಿರಲಿಲ್ಲ. “ಸೆನ್ಸರ್ ಕೆಟ್ಟಿರ್ಬೇಕು ಬಿಡಿ ಅಕ್ಕ” ಅಂದ ವಸಂತ್. ಕೆಟ್ಟ ಸೆನ್ಸರಿಗೆ ಭಾನುವಾರ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಒಂದು ಮಧ್ಯಾಹ್ನ ಮೇಜನ್ನು ಒಂದು ಮೊಳ ಮುಂದಕ್ಕೆಳೆದೆ. ಅರ್ಧ ಗಂಟೆಯಲ್ಲಿ ಅಂಕಿ ಇಳಿಯಿತು. ಹಿಂದಿನ ಗೋಡೆಗೆ ಅಂಗೈ ಇಟ್ಟೆ. ಒಲೆಯಿಂದ ಆಗತಾನೇ ಇಳಿಸಿದ ತವಾ ಮುಟ್ಟಿದ ಹಾಗಾಯಿತು.

ಗೋಡೆಯ ಆಚೆ ಏನಿದೆ ಅಂತ ನಿನಗೆ ಗೊತ್ತಲ್ಲ. ನಮ್ಮ ಮಾಲೀಕರು ದೊಡ್ಡಬೈರಪ್ಪನವರ ಪ್ಲಾಸ್ಟಿಕ್ ಕವರ್ ಗೋಡೌನ್. ನೀನು ಹೋದ ಮೇಲೆ ಅಲ್ಲಿ ಕವರ್ ಅಂಟಿಸುವ ಇನ್ನೂ ನಾಲ್ಕು ಮಿಷನ್ ತಂದಿಟ್ಟಿದ್ದರು. ವೈರು ಮಾತ್ರ ಅದೇ ಹಳೆಯದು, ಅದೇ ಗೋಡೆಯೊಳಗಿನದು; ಭಾನುವಾರ ಬಿಟ್ಟು ದಿನವೂ ಮಿಷನ್ ಓಡಿದಷ್ಟು ಹೊತ್ತು ಅದು ಬಿಸಿಯೇರುತ್ತಿತ್ತು. ಹೋಗಿ ಹೇಳಿದೆ. ಅವರು ನಕ್ಕರು. “ನಿನ್ ಕಂಪ್ಯೂಟ್ರು ಬಿಸಿ ಆದ್ರೆ ನನ್ ಗೋಡೆ ಏನಮ್ಮ ಮಾಡ್ತದೆ? ಕರೆಂಟಿನವ್ರನ್ನ ಕರ್ಸಿದ್ರೆ ಅವತ್ತೇ ಮನೆ ಖಾಲಿ ಮಾಡ್ಕೊಂಡು ಹೋಗ್ತಿರು” ಅಂದರು. ಅಪ್ಪನೂ ನನ್ನ ಬಾಯಿ ಮುಚ್ಚಿಸಿದರು. ಮಾರ್ಕೆಟ್ಟಿನಲ್ಲಿ ತರಕಾರಿ ಮಾರಿ ಬಂದು ಮಧ್ಯಾಹ್ನ ಮಲಗುವ ಅವರ ಮಂಚ ಅದೇ ಗೋಡೆಗಿತ್ತಲ್ಲ, ಸರಿಸಿ ಅಂತ ಕೈ ಮುಗಿದೆ. “ಬೆನ್ನಿಗೆ ಹಿತವಾಗೈತೆ, ಸುಮ್ನಿರು” ಅಂದುಬಿಟ್ಟರು.

ಆಗ ನಾನು ಮೇಜನ್ನು ಮತ್ತೆ ಗೋಡೆಗೆ ಒತ್ತಿ ಇಟ್ಟೆ. ಕಂಪ್ಯೂಟರ್ ಹಾಳಾದರೆ ಆಗಲಿ ಅಂತ. ಆ ಗೋಡೆಯನ್ನು ಹಗಲಿಡೀ ಕಾಯಲು ನನಗೆ ಬೇರೆ ಏನೂ ಇರಲಿಲ್ಲ. ಐವತ್ತಕ್ಕೆ ಕೂಗು ಅಂತ ಇಟ್ಟೆ. ಪ್ರತಿ ಸಂಜೆ ಫೈಲನ್ನು ಫ್ಲಾಪಿಗೆ ಹಾಕಿ, ಪ್ರಿಂಟೂ ತೆಗೆದಿಟ್ಟೆ. ಸೋಮವಾರ ನಲವತ್ತೇಳು. ಬುಧವಾರ ನಲವತ್ತೊಂಬತ್ತು. ಅಂದು ಗೋಡೆಯ ಸುಣ್ಣ ಹಳದಿಗೆ ತಿರುಗಿ ಹಕ್ಕಳೆ ಎದ್ದಿತ್ತು. ಮಾರಕ್ಕ ನೀರು ಕೇಳಿಕೊಂಡು ಬಂದಾಗ ತೋರಿಸಿದೆ. ಆ ಮಿಷನ್‌ಗಳ ಮುಂದೆ ಕೂತು ಕವರ್ ಅಂಟಿಸುವವಳು ಅವಳೇ ತಾನೆ. “ನಮ್ ಕಡೆ ಇನ್ನೂ ಜಾಸ್ತಿ ಕಣವ್ವ, ವಾಸ್ನೆ ಬೇರೆ ಬತ್ತದೆ. ಹೇಳುದ್ರೆ ಕೆಲ್ಸುಕ್ಕೆ ಬರ್ಬೇಡ ಅಂತಾರೆ” ಅಂದಳು. ನಾನು ಅವಳಿಗೆ ಕೆಲಸಕ್ಕೆ ಹೋಗಬೇಡ ಅನ್ನಲಿಲ್ಲ ಅಮ್ಮಾ. ಅದೊಂದು ನನ್ನನ್ನು ತಿನ್ನುತ್ತಿದೆ.

ಗುರುವಾರ ಎರಡೂ ಇಪ್ಪತ್ತಕ್ಕೆ ಅದು ಕೂಗಿತು. ನಾನು ಅಡುಗೆಮನೆಯಲ್ಲಿದ್ದೆ. ಓಡಿಬಂದು ನೋಡಿದರೆ ಪರದೆಯಲ್ಲಿ ಐವತ್ತೆರಡು, ನೋಡುತ್ತಿದ್ದಂತೆ ಐವತ್ತಮೂರು. ಮೇನ್ ಸ್ವಿಚ್ ಆರಿಸಿ, ಅಪ್ಪನ ರಟ್ಟೆ ಹಿಡಿದು ಮಂಚದಿಂದ ಎಳೆದೆ. ಅವರು ಬೈಯುತ್ತಲೇ ಎದ್ದರು. ಹೊಸ್ತಿಲು ದಾಟುವಷ್ಟರಲ್ಲಿ ಗೋಡೆಯ ಬಿರುಕಿನಿಂದ ಕಪ್ಪು ಹೊಗೆ ಬಂತು. ನಾನು ಗೋಡೌನಿನ ಮುಂದೆ ನಿಂತು ಕಿರುಚಿದೆ. ಐದು ಹೆಂಗಸರು ಈಚೆ ಬಂದರು. ಮಾರಕ್ಕ ಒಳಗಡೆಯ ಮೂಲೆಯಲ್ಲಿದ್ದಳು. ಅವಳನ್ನು ಹೊತ್ತು ತಂದಾಗ ಎರಡೂ ಕೈಗೆ ಪ್ಲಾಸ್ಟಿಕ್ ಕರಗಿ ಅಂಟಿತ್ತು. ಆಸ್ಪತ್ರೆಗೆ ನಿನ್ನೆ ಹೋಗಿದ್ದೆ. “ನಿಮ್ಮಪ್ಪ ಚೆನ್ನಾಗವ್ರಾ?” ಅಂತ ಕೇಳಿದಳು.

ನಮ್ಮ ಮುಂದಿನ ಕೋಣೆ ಪೂರ್ತಿ ಸುಟ್ಟುಹೋಯಿತು, ಅಪ್ಪನ ಮಂಚವೂ. ಅಪ್ಪ ಅಂದಿನಿಂದ ಊಟಕ್ಕೆ ಕೂತರೆ ಕೈ ತಟ್ಟೆಯಲ್ಲೇ ನಿಂತುಬಿಡುತ್ತದೆ. ಫ್ಲಾಪಿ, ಪ್ರಿಂಟುಗಳು ನನ್ನ ಬ್ಯಾಗಿನಲ್ಲಿದ್ದುದರಿಂದ ಉಳಿದವು. ಅವನ್ನು ತೆಗೆದುಕೊಂಡು ನಾಳೆ ಪೊಲೀಸ್ ಸ್ಟೇಷನ್‌ಗೆ ಹೋಗುತ್ತೇನೆ. ಮಾವ ಜೊತೆಗೆ ಬರುತ್ತಾರೆ.

ಅಕ್ಕನಿಗೆ ಇದನ್ನು ಈಗಲೇ ಹೇಳಬೇಡ, ಹಾಲು ಬತ್ತೀತು. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು. ಮುನೇಶ್ವರನಿಗೆ ನಮ್ಮ ಹೆಸರಲ್ಲೊಂದು ದೀಪ ಹಚ್ಚು.

ನಿನ್ನ ಮಗಳು,
ವಿನುತಾ

ಮರೆತ ಮಾತಲ್ಲ, ಈಗ ತಿಳಿದದ್ದು: ಮಾರಕ್ಕ ಬೆಳಗಿನ ಜಾವ ಹೋಗಿಬಿಟ್ಟಳಂತೆ. ದೊಡ್ಡಬೈರಪ್ಪನವರ ಕಡೆಯ ಇಬ್ಬರು ಈಗ ತಾನೇ ಇಲ್ಲಿಗೆ ಬಂದು ನಿನ್ನ ವಿಳಾಸ ಕೇಳಿದರು. ನಾನು ಸ್ನಾನಕ್ಕೆ ಹೋಗಿದ್ದೆ, ಅಪ್ಪ ಕೊಟ್ಟುಬಿಟ್ಟಿದ್ದಾರೆ. ಬಾಡಿಗೆ ಕರಾರು ನಿನ್ನ ಹೆಸರಲ್ಲಿದೆಯಲ್ಲ, ಅದಕ್ಕೆ. ಅವರ ಬಳಿ ಇಂಗ್ಲಿಷಿನಲ್ಲಿ ಟೈಪಾದ ಕಾಗದವಿದೆ, ಬೆಂಕಿ ನಮ್ಮ ಕಂಪ್ಯೂಟರಿನಿಂದಲೇ ಹತ್ತಿತು ಅಂತ. ಮನೆ ಮತ್ತೆ ಕಟ್ಟಿಕೊಡ್ತೀವಿ, ಒಂದು ಸೈನ್ ಹಾಕಿ ಸಾಕು ಅಂತ ಅಪ್ಪನಿಗೆ ಹೇಳಿದರಂತೆ. ಹಾಕಬೇಡ. ಅವರು ಕಾರಿನಲ್ಲಿ ಹೊರಟಾಗಿದೆ, ಮಾವ ನನ್ನ ಈ ಪತ್ರ ಹಿಡಿದು ಬಸ್ಸಿಗೆ ಓಡುತ್ತಿದ್ದಾರೆ. ಅವರೇ ಮೊದಲು ಬಂದು ನೀನು ಹಾಕಿಬಿಟ್ಟಿದ್ದರೆ ಮುಚ್ಚಿಡಬೇಡ ಅಮ್ಮಾ, ನಾನು ಬೈಯಲ್ಲ. ಮಾವನ ಜೊತೆ ಇವತ್ತೇ ಹೊರಟು ಬಂದ್ಬಿಡು. ಕಾಗದದಲ್ಲಿ ಏನಿದೆ ಅಂತ ತಿಳಿಯದೆ ಸೈನ್ ಹಾಕಿದೆ ಅಂತ ನಾಳೆ ಸ್ಟೇಷನ್‌ನಲ್ಲಿ ನೀನೇ ಬಾಯಿಬಿಟ್ಟು ಹೇಳಬೇಕು.