ತೋಟಕ್ಕೆ ಬಂದ ಹಾಯಿದೋಣಿ

ಫೆಬ್ರುವರಿ 2, ಭಾನುವಾರ

ಇಂಟರ್ನಲ್ಸ್ ಪೇಪರ್ ತಿದ್ದುವುದು ಇನ್ನೂ ಅರ್ಧ ಉಳಿದಿದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಕುಣಿಗಲ್‌ನಿಂದ ಅಣ್ಣನ ಫೋನ್.

"ಸಂಧ್ಯಾ, ದೋಣಿ ಸಿಕ್ತು ಕಣೇ!"

ಎಣ್ಣೆ ಕೈಯಲ್ಲೇ ಫೋನ್ ಹಿಡಿದು ಟೆರೇಸಿಗೆ ಓಡಿದೆ. ಮಂಗಳೂರಿನ ರಾಮಾಂಜಿನಯ್ಯನವರ ದೋಣಿ. ಶಿರಾ ಕಡೆಯವರು, ಹಡಗಿನ ಇಂಜಿನಿಯರ್ ಆಗಿದ್ದು ಅಲ್ಲೇ ನೆಲೆಸಿದವರು. ಅಣ್ಣ ನೇವಿಯಿಂದ ರಿಟೈರ್ ಆದ ಮೇಲೆ ಸೀಸನ್ನಿನಲ್ಲಿ ಹೋಗಿ ಅದನ್ನು ನೋಡಿಕೊಳ್ಳುತ್ತಿದ್ದ. ಹಳೆಯದು. ಆದರೆ ಒಳಗೆ ನಾಲ್ಕು ಜನ ಮಲಗಬಹುದು, ಪುಟ್ಟ ಒಲೆ ಇದೆ, ಗಾಳಿ ಹಿಡಿದು ಗೋವಾದವರೆಗೆ ಹೋಗಬಹುದು. ಹೆಸರು ನೈದಿಲೆ. ಅವರಿಗೀಗ ಮಂಡಿನೋವು. ಮಾರುತ್ತಾರಂತೆ.

ಇವರಿಗೆ ಹೇಳಿದೆ. "ತುಮಕೂರಲ್ಲಿ ಮನೆ ಇಟ್ಕೊಂಡು ಸಮುದ್ರಕ್ಕೆ ದೋಣಿನಾ?" ಅಂದು ನಕ್ಕರು. ಬೇಡ ಅನ್ನಲಿಲ್ಲ.

ಡಿಗ್ರಿ ರಜೆಯಲ್ಲಿ ಕಾರವಾರಕ್ಕೆ ಹೋದಾಗ ಅಣ್ಣನೇ ಹಾಯಿ ಎಳೆಯಲು ಕಲಿಸಿದ್ದು. ಅಪ್ಪನಿಗೆ ಹೇಳದೆ. ಆಮೇಲೆ ಮದುವೆ, ಕಾಲೇಜು, ಪಾಠ, ಮಗಳು ಇಂಪನಾ… ಹೋದ ಎರಡು ಬೇಸಿಗೆ ಮಲ್ಪೆಗೆ ಹೋಗಿ ಮತ್ತೆ ಕಲಿತು ಬಂದೆ. ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. ಅಣ್ಣ ಒಬ್ಬ ನಗಲಿಲ್ಲ.

ಫೆಬ್ರುವರಿ 9, ಮಂಗಳೂರು

ಕೈ ಉರಿಯುತ್ತಿದೆ, ಹಗ್ಗ ಎಳೆದು ಎಳೆದು. ಬರೆಯದೆ ಇರಲಾರೆ.

ಕೊಳ್ಳುವ ಮೊದಲು ಒಮ್ಮೆ ಓಡಿಸಿ ನೋಡಲು ಬಂದಿದ್ದೆವು. ರಾಮಾಂಜಿನಯ್ಯ ಊರಲ್ಲಿರಲಿಲ್ಲ. ಕೀ ಅಣ್ಣನ ಹತ್ತಿರವೇ ಇತ್ತು. ಕೊನೇ ಗಳಿಗೆಯಲ್ಲಿ ಅವನು ಹತ್ತಲಿಲ್ಲ. ಹೊಟ್ಟೆ ಸರಿ ಇಲ್ಲವಂತೆ. "ಅಮ್ಮ ಮಗಳು ಹೋಗ್ಬನ್ನಿ. ನಿನ್ ದೋಣಿ, ನೀನೇ ನಡ್ಸು" ಅಂದ. ಆ ಮಾತಿಗೇ ಕಣ್ಣು ತುಂಬಿತು.

ನದಿ ಸಮುದ್ರ ಸೇರುವ ಅಳಿವೆ ದಾಟಿ ಹೊರಗೆ ಬಂದೆವು. ಹಾಯಿಗೆ ಗಾಳಿ ತುಂಬಿತು, ದೋಣಿ ಪಕ್ಕಕ್ಕೆ ಓರೆಯಾಗಿ ಓಡಿತು. ಇಂಪನಾ ಖುಷಿಗೆ ಕಿರುಚಿದಳು. ಅಪ್ಪ ಇದ್ದಿದ್ದರೆ! ಅಂತ ಒಮ್ಮೆ ಅನ್ನಿಸಿತು. ಬೈಯುತ್ತಿದ್ದರು, ಅದು ಬೇರೆ.

ಮಾರ್ಚ್ 16

ಕೊಂಡಾಯಿತು. ನನ್ನ ಹೆಸರಿಗೇ. ವ್ಯವಹಾರವೆಲ್ಲ ಅಣ್ಣನೇ ಓಡಾಡಿ ಮುಗಿಸಿದ. ರಾಮಾಂಜಿನಯ್ಯನವರ ಜೊತೆ ನಾನು ಫೋನಿನಲ್ಲಿ ಎರಡು ಮಾತು ಆಡಿದ್ದಷ್ಟೆ. "ಕೆಲಸ ಇದೆಯಮ್ಮ ಅದಕ್ಕೆ, ನಿಮ್ಮಣ್ಣ ಪ್ರಭುದೇವ್ ಎಲ್ಲ ಹೇಳ್ತಾರೆ" ಅಂದರು. ಹಳೇ ದೋಣಿಗೆ ಕೆಲಸ ಇರುವುದೇ.

ಮೇ 11, ಗುಬ್ಬಿ

ಮಳೆಗಾಲಕ್ಕೆ ದೋಣಿಯನ್ನು ನೀರಿನಿಂದ ಎತ್ತಲೇಬೇಕು. ಅಲ್ಲೆಲ್ಲೋ ನಿಲ್ಲಿಸುವ ಬದಲು ನಮ್ಮ ತೋಟಕ್ಕೇ ತಂದು ಪೇಂಟ್ ಮಾಡೋಣ ಅಂತ ನಿರ್ಧಾರವಾಗಿತ್ತು. ಲಾರಿ ಘಾಟಿ ಹತ್ತಿ ಬೆಳಗ್ಗೆ ಬಂತು. ಡ್ರೈವರ್ ಅಡವಿಯಪ್ಪ, ಗೂಳೂರಿನವನು. ಕೊಟ್ಟಿಗೆ ಪಕ್ಕದ ಕರೆಂಟ್ ತಂತಿಯನ್ನು ಬಿದಿರಿನಿಂದ ಎತ್ತಿ ಹಿಡಿಸಿ ಇಂಚಿಂಚಾಗಿ ಒಳಗೆ ತಂದ. ಒಂದು ತೆಂಗಿನ ಗರಿಯೂ ಮುರಿಯಲಿಲ್ಲ.

ಊರಿಗೆ ಊರೇ ಬಂದಿತ್ತು. "ಇದ್ನ ಗುಬ್ಬಿ ಕೆರೆಗೆ ಬುಡ್ತೀರೇನವ್ವಾ?" ಅಂತ ಪಕ್ಕದ ತೋಟದ ಪುಟ್ಟತಾಯಮ್ಮ. ಅವರೇ ಕುಂಕುಮ ಹಚ್ಚಿ ಕಾಯಿ ಒಡೆದರು. ಅಣ್ಣ ಬಿಳಿ ಟೋಪಿ ಹಾಕಿಕೊಂಡು ಎಲ್ಲರಿಗೂ ವಿವರಿಸುತ್ತಿದ್ದ. ಕುಣಿಗಲ್‌ನಲ್ಲಿ ಅವನನ್ನು ನೇವಿ ಪ್ರಭುದೇವ ಅಂತಲೇ ಕರೆಯುವುದು. ಸ್ವಾತಂತ್ರ್ಯ ದಿನಕ್ಕೆ ಶಾಲೆಗಳವರು ಭಾಷಣಕ್ಕೆ ಕರೆಯುತ್ತಾರೆ.

ಮೇ 25

ಇನ್ಶೂರೆನ್ಸ್ ತಲೆನೋವು. ಲಾರಿಯಲ್ಲಿ ತರುವ ದಾರಿಯದ್ದು ಬೇರೆ ಆಗಿತ್ತು. ಈಗ ವರ್ಷದ್ದು. ಅದಿಲ್ಲದೆ ಮಂಗಳೂರಿನಲ್ಲಿ ಕಟ್ಟಲು ಜಾಗ ಕೊಡುವುದಿಲ್ಲ. ಇಷ್ಟು ಹಳೇ ದೋಣಿ ಅಂದರೆ ಎಲ್ಲ ಕಂಪನಿಯವರೂ ಮೂಗು ಮುರಿಯುತ್ತಾರೆ. ಕೊನೆಗೆ ಒಬ್ಬರು ಒಪ್ಪಿದರು. ಅವರ ಸರ್ವೇಯರ್ ಬಂದು ದೋಣಿ ಪರೀಕ್ಷಿಸಬೇಕು.

ಫಾರಂ ತುಂಬುವಾಗ ಅಣ್ಣ ಎದುರಿಗೇ ಕಾಫಿ ಕುಡಿಯುತ್ತಿದ್ದ. "ಹಿಂದೆ ಅಪಘಾತ ಆಗಿದೆಯೇ ಅಂತ ಕೇಳಿದಾರೆ" ಅಂದೆ.

"ಇಲ್ಲ ಅಂತ ಹಾಕು."

ಹಾಕಿದೆ. ಸೈನ್ ಮಾಡಿದೆ.

ಜೂನ್ 14, ಶನಿವಾರ

ಬೆಂಗಳೂರಿನಿಂದ ಸರ್ವೇಯರ್ ಬಂದಿದ್ದರು. ಅಣ್ಣನಿಗೆ ಏನೋ ಕೆಲಸ, ಬರಲಿಲ್ಲ. ಸಣ್ಣ ಸುತ್ತಿಗೆಯಿಂದ ದೋಣಿಯ ಮೈಯೆಲ್ಲ ತಟ್ಟುತ್ತಾ ಬಂದರು. ಕೆಳಗೆ ಕೀಲ್ ಹತ್ತಿರ ಸದ್ದು ಬದಲಾಯಿತು. ಕೀಲ್ ಅಂದರೆ ದೋಣಿಯ ಹೊಟ್ಟೆಗೆ ಬೋಲ್ಟ್ ಹಾಕಿ ಬಿಗಿದಿರುವ ಕಬ್ಬಿಣದ ಭಾರ. ಗಾಳಿಗೆ ಓರೆಯಾದ ದೋಣಿಯನ್ನು ಮಗುಚದಂತೆ ಹಿಡಿಯುವುದು ಅದೇ.

ಪೇಂಟ್ ಕೆರೆದರು. ಒಳಗೆ ಪುಟ್ಟಿ. ಪುಟ್ಟಿ ಒಳಗೆ ಬಿರುಕು.

"ಮೇಡಂ, ಇದು ಬಂಡೆಗೆ ಹೊಡೆದಿದೆ. ಮೇಲೆ ಮೆತ್ತಿ ಮುಚ್ಚಿದಾರೆ. ಬೋಲ್ಟ್ ಬಿಚ್ಚಿ ನೋಡದೆ ನಾನು ಪಾಸ್ ಮಾಡಲ್ಲ."

"ಕೀಲ್ ಕಳಚಿಕೊಂಡ್ರೆ?"

"ಕ್ಷಣದಲ್ಲಿ ತಲೆಕೆಳಗಾಗುತ್ತೆ. ಕ್ಯಾಬಿನ್ ಒಳಗಿದ್ದೋರು ಹೊರಗೆ ಬರೋದು ಕಷ್ಟ."

ಅವರು ಹೋದ ತಕ್ಷಣ ರಾಮಾಂಜಿನಯ್ಯನವರಿಗೆ ಫೋನ್ ಮಾಡಿದೆ. ಕೋಪದಲ್ಲಿ ನಮಸ್ಕಾರವನ್ನೂ ಹೇಳಲಿಲ್ಲ. ಮೋಸ ಮಾಡಿದಿರಿ ಅಂದೆ. ಪೊಲೀಸು ಅಂದೆ. ಏನೇನೋ ಅಂದೆ.

"ಅಮ್ಮ… ಪ್ರಭುದೇವ್ ಹೇಳ್ಲಿಲ್ವಾ? ಹೋದ ದೀಪಾವಳಿ ಹೊತ್ತಿಗೆ ಬಂಡೆಗೆ ಹೊಡೀತು. ಅವತ್ತು ನಡೆಸ್ತಿದ್ದಿದ್ದು ಅವರೇ. ಕೀಲ್ ರಿಪೇರಿ ಆಗೋವರೆಗೂ ಗಾಳಿಗೆ ಹಾಯಿ ಬಿಚ್ಚಬೇಡಿ, ನಿಮ್ಮ ತಂಗಿಗೆ ಮೊದಲು ಇದನ್ನ ಹೇಳಿ ಅಂತ ಎಷ್ಟು ಸಲ ಅಂದಿದೀನಿ."

"ನಾವು ಟ್ರಯಲ್‌ಗೆ ಸಮುದ್ರಕ್ಕೆ ಹೋಗಿದ್ವಿ ಸರ್."

"ಯಾರು ಹೋಗಿದ್ರಿ?"

"ನಾನು, ನನ್ನ ಮಗಳು."

ಅವರು ಮೆಲ್ಲಗೆ ಕೇಳಿದರು — "ಪ್ರಭುದೇವ್ ಜೊತೇಲಿರ್ಲಿಲ್ವಾ?"

ಜೂನ್ 15, ಭಾನುವಾರ

ಕುಣಿಗಲ್‌ಗೆ ಒಬ್ಬಳೇ ಹೋಗಿ ಬಂದೆ. ಅಣ್ಣ ಊಟಕ್ಕೆ ಕೂತಿದ್ದ. ಅತ್ತಿಗೆ ಮಂಗಳಗೌರಿ ನನಗೂ ತಟ್ಟೆ ಇಟ್ಟರು. ಮುದ್ದೆ, ಬಸ್ಸಾರು. ಮುಟ್ಟಲಿಲ್ಲ.

"ಅಣ್ಣ, ದೋಣಿ ಬಂಡೆಗೆ ಹೊಡೆದಾಗ ಯಾರು ನಡೆಸ್ತಿದ್ರು?"

ತುತ್ತು ನುಂಗಿದ. "ಯಾರ್ ಹೇಳಿದ್ರು ನಿಂಗೆ?"

ಇಲ್ಲ ಅನ್ನಲಿಲ್ಲ. ಸುಳ್ಳು ಅನ್ನಲಿಲ್ಲ. ಯಾರು ಹೇಳಿದರು ಅಂದ. ಅಲ್ಲಿಯವರೆಗೂ ಒಂದು ಆಸೆ ಇತ್ತು ನನಗೆ.

"ಸಣ್ಣದಾಗಿ ತಗಲಿತ್ತು ಕಣೇ. ಗುಬ್ಬಿಗ್ ತಂದ್ಮೇಲೆ ಸದ್ದಿಲ್ದಂಗೆ ಸರಿ ಮಾಡಣ ಅಂತಿದ್ದೆ. ಬಿಟ್ಟಿದ್ರೆ ಆಯಪ್ಪ ಗುಜರಿಗೆ ಹಾಕೋನು. ಪ್ರಭುದೇವ ಒಡೆದಾಕಿದ ದೋಣಿ ಅಂತ ನೇವಿ ಗ್ರೂಪ್‌ನಾಗೆಲ್ಲ ಆಡ್ಕೊಳ್ಳೋರು."

"ನಂಗಾದ್ರೂ ಹೇಳ್ಬೋದಿತ್ತು."

"ಹೇಳಿದ್ರೆ ತಗೊತಿದ್ದಾ?"

"ಅವತ್ತು ನೀನ್ಯಾಕೆ ಹತ್ಲಿಲ್ಲ?"

"ಹೊಟ್ಟೆ ಸರಿಯಿರ್ಲಿಲ್ಲ ಅಂದ್ನಲ್ಲ."

"ಅಣ್ಣ."

ಇನ್ನೊಂದು ತುತ್ತು ಮುರಿದ. ಅತ್ತಿಗೆ ಸೌಟು ಹಿಡಿದು ಅಲ್ಲೇ ನಿಂತಿದ್ದರು, ಅವನ ಮುಖ, ನನ್ನ ಮುಖ ನೋಡುತ್ತಾ. ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. "ಮಗು ಇತ್ತಲ್ರೀ ಅದ್ರಾಗೆ" ಅಂದರು.

"ಗಾಳಿ ಕಡಿಮೆ ಇತ್ತು. ಈಗ ಏನಾಯ್ತು? ಏನೂ ಆಗ್ಲಿಲ್ವಲ್ಲ!"

ಎದ್ದು ಬಂದೆ. ಕಾರಿನವರೆಗೆ ಹಿಂದೆ ಬಂದ. ಕೈ ಕೂಡ ತೊಳೆದಿರಲಿಲ್ಲ. ಕ್ಷಮಿಸು ಅನ್ನುತ್ತಾನೇನೋ ಅಂತ ಕಿಟಕಿ ಇಳಿಸಿದೆ.

"ಲಾರೀಲಿ ತರುವಾಗ ತಗಲಿತು ಅಂದ್ಬುಡು. ದಾರಿ ಇನ್ಶೂರೆನ್ಸ್ ಐತಲ್ಲ. ಕಂಪ್ನಿಯೋರೇ ರಿಪೇರಿ ಮಾಡಿಸ್ತಾರೆ. ಯಾರಿಗೂ ತೊಂದ್ರೆ ಇಲ್ಲ."

ಬೇಡ ಅಂದು ಕಿಟಕಿ ಏರಿಸಿದೆ.

ಜೂನ್ 16

ಇಂಪನಾಗೆ ಹೇಗೆ ಹೇಳುವುದು? ಅವಳ ಪಾಲಿಗೆ ಮಾಮ ಅಂದರೆ ಹೀರೋ. ನನ್ನ ಪಾಲಿಗೂ…

ಜೂನ್ 20

ಕಾಲೇಜಿನಿಂದ ಬಂದರೆ ಗೇಟಿನಲ್ಲಿ ಅಡವಿಯಪ್ಪ. ಚಪ್ಪಲಿ ಬಿಟ್ಟು ನಿಂತಿದ್ದ.

"ಮೇಡಮ್ಮೋರೆ, ನಾನೇನ್ ತಪ್ ಮಾಡ್ದೆ? ನೀವೇ ನೋಡಿದ್ರಲ್ಲ, ಎಂಗ್ ತಂದೆ ಅಂತ. ಗಾಡಿ ಗುದ್ದಿಸ್ದೆ ಅಂತ ಇನ್ಶೂರೆನ್ಸ್‌ನೋರ್ಗೆ ಕಂಪ್ಲೇಂಟ್ ಕೊಟ್ಟವ್ರೆ. ಓನರ್ರು ಕೀ ಇಸ್ಕೊಂಡ್ರು. ಗಾಡಿ ಹತ್ಬೇಡ ಅಂದವ್ರೆ."

ಯಾರು ಕೊಟ್ಟರು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಕೇಳಿದೆ.

"ನಿಮ್ಮಣ್ಣೋರು. ತಂಗಿ ಬೇಜಾರಲ್ಲವ್ಳೆ, ಅವ್ಳ ಪರವಾಗಿ ಮಾತಾಡ್ತಿದೀನಿ ಅಂದ್ರಂತೆ."

ನನ್ನ ಪರವಾಗಿ! ನಾನು ಬೇಡ ಅಂತ ಬಂದ ಮೇಲೂ. ಒಳಗೆ ಕರೆದು ಕೂರಿಸಿದೆ. ಕಾಫಿ ಕೊಟ್ಟೆ. "ಸೋಮವಾರ ನಾನೇ ಇನ್ಶೂರೆನ್ಸ್ ಆಫೀಸಿಗೆ ಹೋಗಿ ಹೇಳ್ತೀನಿ" ಅಂದೆ. ನಂಬಿದನೋ ಇಲ್ಲವೋ. ನಾನೇ ಆಗಿದ್ದರೆ ನಂಬುತ್ತಿರಲಿಲ್ಲ.

ಇವರು ಸಂಜೆ ಎಲ್ಲ ಕೇಳಿ, "ಪಾಲಿಸಿ ಹೋಗುತ್ತೆ. ದೋಣಿ ತೋಟದಲ್ಲೇ ಕೂರುತ್ತೆ. ನಿಮ್ಮಣ್ಣನೂ ಹೋಗ್ತಾನೆ. ಯೋಚನೆ ಮಾಡಿದೀಯಾ?" ಅಂದರು.

"ಅಣ್ಣ ಹೋಗಿ ತುಂಬಾ ದಿನ ಆಯ್ತು" ಅಂದೆ. ಹೇಳಿದ ಮೇಲೆ ಅಳು ಬಂತು.

ಜೂನ್ 23, ಸೋಮವಾರ

ರಜೆ ಹಾಕಿ ಇನ್ಶೂರೆನ್ಸ್ ಆಫೀಸಿಗೆ ಹೋದೆ. ಲಾರಿ ಓನರನ್ನೂ ಅಡವಿಯಪ್ಪನನ್ನೂ ಅಲ್ಲಿಗೇ ಕರೆಸಿಕೊಂಡಿದ್ದೆ. ಬಂಡೆಗೆ ಹೊಡೆದದ್ದು ನಾನು ಕೊಳ್ಳುವ ಮೊದಲೇ. ಡ್ರೈವರ್ ತಪ್ಪಿಲ್ಲ. ನಾನು ಫಾರಂನಲ್ಲಿ ಬರೆದದ್ದು ನಿಜವಲ್ಲ, ಅದು ಆಗ ನನಗೆ ಗೊತ್ತಿರಲಿಲ್ಲ. ಎಲ್ಲ ಹೇಳಿದೆ.

"ಆಗ ನಡೆಸ್ತಿದ್ದೋರು ಯಾರು ಮೇಡಂ?"

"ಪ್ರಭುದೇವ ಅಂತ." ಸುಮ್ಮನಿರಬಹುದಿತ್ತು. "ನನ್ನ ಸ್ವಂತ ಅಣ್ಣ" ಅಂದೆ.

ಪಾಲಿಸಿ ಕೊಡಲ್ಲ ಅಂದರು. ನಿರೀಕ್ಷಿಸಿದ್ದೇ. ಓನರ್ ಅಲ್ಲೇ ಜೇಬಿನಿಂದ ಕೀ ತೆಗೆದು ಅಡವಿಯಪ್ಪನಿಗೆ ಕೊಟ್ಟರು. ಅವನು ನನ್ನ ಕಡೆ ಕೈಮುಗಿದು ಹೊರಟುಹೋದ.

ಮಧ್ಯಾಹ್ನ ಅಣ್ಣನ ಮೆಸೇಜ್. "ಕೂಸಾಗಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದೋನ ಮಾನ ಕಳೆದೆ." ಉತ್ತರ ಟೈಪ್ ಮಾಡುವಷ್ಟರಲ್ಲಿ ಫ್ಯಾಮಿಲಿ ಗ್ರೂಪಿನಿಂದ ಹೊರಗೆ ಹೋಗಿದ್ದ.

ಜುಲೈ 27, ಭಾನುವಾರ

ಬಹಳ ದಿನ ಬರೆದಿಲ್ಲ. ಬರೆಯಲು ಏನಿತ್ತು.

ಮಾರುವುದಿದ್ದರೂ ನಿಜ ಹೇಳಿಯೇ ಮಾರಬೇಕು, ಅದಕ್ಕೆ ಬಿಚ್ಚಿ ನೋಡಲೇಬೇಕು. ಇವತ್ತು ವಸಂತನರಸಾಪುರದ ವರ್ಕ್‌ಶಾಪಿನವರು ಗುಬ್ಬಿಗೆ ಬಂದು ಕೀಲ್ ಬೋಲ್ಟ್ ಬಿಚ್ಚಿದರು. ಒಂದೊಂದೇ ಹೊರಗೆ ಬಂತು. ಕೆಲವು ಬರಲೇ ಇಲ್ಲ, ಒಳಗೇ ಮುರಿದಿದ್ದವು. ಒಂದು ನನ್ನ ಕೈಯಲ್ಲೇ ಬೆಲ್ಲದ ಹಾಗೆ ಪುಡಿಯಾಯಿತು. ಗಟ್ಟಿಯಾಗಿದ್ದದ್ದು ಎರಡೇ. ಆ ಎರಡರ ಮೇಲೆ ನಾವು ಅಳಿವೆ ದಾಟಿ ಹೋಗಿದ್ದು.

ಇಂಪನಾ ನೋಡುತ್ತಾ ನಿಂತಿದ್ದಳು. ಅವಳಿಗೆ ಎಲ್ಲ ಹೇಳಿ ಬಹಳ ದಿನವಾಗಿದೆ. ಮಾಮನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮನೆಗೆ ಬಂದು ಕೈ ತೊಳೆಯುವಾಗ ಅಂದಳು —

"ಅಮ್ಮ, ಅವತ್ತು ಹತ್ತೋಕ್ ಮುಂಚೆ ಮಾಮ ನನ್ನ ಲೈಫ್ ಜಾಕೆಟ್ ಬಿಚ್ಚಿಸಿ ಮತ್ತೆ ಅವರೇ ಬಿಗಿ ಮಾಡಿದ್ರು. ಏನೇ ಆದ್ರೂ ಕ್ಯಾಬಿನ್ ಒಳಗ್ ಮಾತ್ರ ಹೋಗ್ಬೇಡ, ಹೊರಗಡೇನೇ ಕೂತಿರು ಅಂದ್ರು. ಪ್ರಾಮಿಸ್ ಮಾಡಿಸ್ಕೊಂಡ್ರು."

ನಾನು ಆಗ ಮುಂದುಗಡೆ ಹಾಯಿ ಬಿಚ್ಚುತ್ತಿದ್ದೆ. ಕೇಳಿಸಿರಲಿಲ್ಲ. ಸಮುದ್ರಕ್ಕೆ ಬಂದ ಮೇಲೆ ನೀರು ಕುಡಿಯಲು, ಒಲೆ ನೋಡಲು, ಎಷ್ಟು ಸಲ ಕ್ಯಾಬಿನ್ ಒಳಗೆ ಇಳಿದಿದ್ದೆ ನಾನು. ನನಗೆ ಯಾರೂ ಹೇಳಿರಲಿಲ್ಲ.

ಇಂಪನಾಳ ಫೋನ್ ಹೊಡೆದುಕೊಳ್ಳುತ್ತಿದೆ. ಮಾಮ ಅಂತ ಬರುತ್ತಿದೆ. "ಎತ್ತಲಾ ಅಮ್ಮ?" ಅಂತ ಬಾಗಿಲಲ್ಲಿ ನಿಂತಿದ್ದಾಳೆ. ಎತ್ತು. ಎತ್ತಿ ಕೇಳು, ಅಮ್ಮನಿಗೆ ಯಾಕೆ —